ಐದು ಅಕ್ಷರವೋ, ಹದಿಮೂರು ಅಕ್ಷರವೋ?

ದಾನವಾಗಿ ಬಂದ ಹಸುವಿನ ಹಲ್ಲು ಎಣಿಸಬಾರದೆಂದು ಹಿರಿಯರು ಹೇಳಿದ್ದಾರೆ. ಆದರೆ ದಾನವಾಗಿ ಬಂದುದು ಲ್ಯಾಪ್‌ಟಾಪ್ ಆಗಿದ್ದರೆ ಹಲ್ಲು ಎಣಿಸಿಯೇ ತೀರಬೇಕೆಂಬುದು ನನ್ನ ಅನುಭವ. ಬೆಂಗಳೂರಿನ ಕಚೇರಿಯೊಂದರಲ್ಲಿ ಕೆಲಸದಲ್ಲಿರುವ ನನ್ನ ಸೋದರಮಾವ, ಅಲ್ಲಿ ಬಳಕೆಯಿಂದ ತೆಗೆದಿಟ್ಟಿದ್ದ ಲ್ಯಾಪ್‌ಟಾಪೊಂದನ್ನು ದಸರೆಯ ರಜೆಯಲ್ಲಿ ನನಗೆ ತಂದುಕೊಟ್ಟರು. ಅದು 2007ರಲ್ಲಿ ತಯಾರಾದ ಯಂತ್ರ. ಅದರೊಳಗಿದ್ದುದು ವಿಂಡೋಸ್ ಎಕ್ಸ್‌ಪಿ, ಅದೂ ಎರಡನೆಯ ಸರ್ವಿಸ್ ಪ್ಯಾಕಿನದು. ಕೀಲಿಮಣೆಯ ಮೇಲಿನ ಕೆಲವು ಅಕ್ಷರಗಳು ಸವೆದುಹೋಗಿದ್ದುವು. ಆದರೂ ನನಗೆ ಅದೊಂದು ಐಶ್ವರ್ಯವೇ ಆಗಿತ್ತು. ಸೆಮಿನಾರಿನ ಪ್ರಬಂಧವನ್ನು ಒಪ್ಪಿಸಲು ಇನ್ನು ಎಂಟೇ ದಿನವಿತ್ತು. ಗ್ರಂಥಾಲಯದಲ್ಲಿ ಕುಳಿತು ವೈ-ಫೈಯಿಂದ ಬೇಕಾದ ವಿಷಯವನ್ನು ಸಂಗ್ರಹಿಸಿ ಅಲ್ಲಿಯೇ ಬರೆದು ಮುಗಿಸಿಬಿಡುವೆನೆಂದು ಲೆಕ್ಕ ಹಾಕಿದ್ದೆ.

ಗ್ರಂಥಪಾಲಕರು ಚೀಟಿಯಲ್ಲಿ ಪಾಸ್‌ವರ್ಡ್ ಬರೆದುಕೊಟ್ಟರು. ಅದರಲ್ಲಿ ಅಕ್ಷರವೂ ಅಂಕಿಯೂ ಸೇರಿ 14. ಯಂತ್ರವನ್ನು ತೆರೆದೆ, ನಮ್ಮ ಜಾಲದ ಹೆಸರು ಪಟ್ಟಿಯಲ್ಲಿ ಕಾಣಿಸಿತು, ಪಕ್ಕದಲ್ಲಿ ಬೀಗದ ಚಿತ್ರವೂ ಇತ್ತು. ಕೇಳಿದ ಕಡೆ ಪಾಸ್‌ವರ್ಡನ್ನು ಬರೆದೆ. ಯಂತ್ರ ಒಪ್ಪಲಿಲ್ಲ. ಪಾಸ್‌ವರ್ಡು 40 ಬಿಟ್ಟು ಅಥವಾ 104 ಬಿಟ್ಟಿನದಾಗಿರಬೇಕು, ಎಂದರೆ 5 ಅಥವಾ 13 ಅಕ್ಷರಗಳಿರಬೇಕು, ಇಲ್ಲವೇ ಹದಿನಾರರ ಮಾನದ 10 ಅಥವಾ 26 ಅಂಕಿಗಳಿರಬೇಕು ಎಂದು ಇಂಗ್ಲಿಷಿನಲ್ಲಿ ಬುದ್ಧಿ ಹೇಳಿತು. ನಾನು ಬೆರಳು ಮಡಿಸಿ ಮತ್ತೊಮ್ಮೆ ಎಣಿಸಿದೆ. ಹದಿನಾಲ್ಕೇ!

ನೇರವಾಗಿ ಗ್ರಂಥಪಾಲಕರ ಮೇಜಿಗೆ ಹೋಗಿ, “ಸಾರ್, ತಾವು ಕೊಟ್ಟ ಪಾಸ್‌ವರ್ಡು ತಪ್ಪಾಗಿದೆ. 14 ಅಕ್ಷರ ಇರಕೂಡದಂತೆ, 13 ಇರಬೇಕಂತೆ” ಎಂದೆ. ಅವರು ಮಾತನಾಡದೆ ತಮ್ಮ ಮೊಬೈಲನ್ನು ತೋರಿಸಿದರು. ಅದೇ ಪಾಸ್‌ವರ್ಡಿನಿಂದ ಅದು ಚೆನ್ನಾಗಿಯೇ ಜಾಲಕ್ಕೆ ಸೇರಿಕೊಂಡಿತ್ತು. ಸುತ್ತ ಕುಳಿತಿದ್ದವರ ಮೊಬೈಲುಗಳೂ ಹಾಗೆಯೇ. ನಾನು ಬಿಡಲಿಲ್ಲ. “ಹಾಗಾದರೆ ಒಂದು ಅಕ್ಷರವನ್ನು ತೆಗೆದುಬಿಡಿ ಸಾರ್, ಎಲ್ಲರಿಗೂ ಸರಿಹೋಗುತ್ತದೆ” ಎಂದೆ. ಅವರು ಕನ್ನಡಕವನ್ನು ಕೆಳಗಿಟ್ಟು, “ಒಂದು ಅಕ್ಷರ ತೆಗೆಯುವುದು ನನಗೇನೂ ಕಷ್ಟವಲ್ಲಯ್ಯಾ. ಆದರೆ ನಿನ್ನ ಯಂತ್ರ 13 ಎಂದೇ ಏಕೆ ಹಟ ಹಿಡಿದಿದೆ? 12 ಆದರೆ ಆಗದೆ? 6 ಆದರೆ ಆಗದೆ? ಅದನ್ನು ತಿಳಿದುಕೊಂಡು ಬಾ, ಆಮೇಲೆ ನೋಡೋಣ” ಎಂದರು.

ನನಗೆ ಸ್ವಲ್ಪ ಕೋಪವೇ ಬಂದಿತು. ಆದರೆ ಪ್ರಶ್ನೆ ನ್ಯಾಯವಾದುದಾಗಿತ್ತು. ಅದಕ್ಕೆ ಉತ್ತರ ಹುಡುಕುತ್ತ ನಾನು ಕಲಿತುದನ್ನು ನನ್ನ ಸಹಪಾಠಿಗಳ ಮುಂದಿಡುವುದೇ ಈ ಲೇಖನದ ಉದ್ದೇಶ. ನಮ್ಮಲ್ಲಿ ಅನೇಕರು ಅಣ್ಣನದೋ ಅಕ್ಕನದೋ ಹಳೆಯ ಲ್ಯಾಪ್‌ಟಾಪಿನಲ್ಲಿ ಕೆಲಸ ನಡೆಸುವವರು. ಆದುದರಿಂದ ಇದು ನನ್ನೊಬ್ಬನ ಕಥೆಯಲ್ಲ.

ಮೊದಲು ಒಂದು ಮಾತು. ತಂತಿಯಲ್ಲಿ ಹೋಗುವ ಸುದ್ದಿಯನ್ನು ಕದಿಯಬೇಕಾದರೆ ತಂತಿಯ ಬಳಿಗೆ ಹೋಗಬೇಕು. ವೈ-ಫೈ ಹಾಗಲ್ಲ, ಅದು ರೇಡಿಯೋ. ಗ್ರಂಥಾಲಯದ ರೂಟರು ಹೊರಡಿಸುವ ಅಲೆಗಳು ಗೋಡೆಯನ್ನು ದಾಟಿ ಸೈಕಲ್ ಸ್ಟ್ಯಾಂಡಿನವರೆಗೂ ಹೋಗುತ್ತವೆ. ಅಲ್ಲಿ ನಿಂತವನಿಗೂ ಅವು ಸಿಗುತ್ತವೆ. ಅಲೆಯನ್ನು ತಡೆಯಲಾಗದು, ಆದುದರಿಂದ ಅಲೆಯ ಮೇಲೆ ಹೋಗುವ ಮಾತನ್ನೇ ಗೂಢಲಿಪಿಗೆ ತಿರುಗಿಸಿ ಕಳುಹಿಸಬೇಕು. ಜಾಲದ ಹೆಸರಿನ ಪಕ್ಕದಲ್ಲಿ ಕಾಣುವ ಬೀಗದ ಅರ್ಥ ಇಷ್ಟೆ. ಆದರೆ ಎಲ್ಲ ಬೀಗವೂ ಒಂದೇ ಬಗೆಯದಲ್ಲ. ಇದೇ ನನಗೆ ತಿಳಿಯದೆ ಇದ್ದ ಸಂಗತಿ.

ನಿಸ್ತಂತು ಜಾಲಕ್ಕೆ 802.11 ಎಂಬ ಅಂಕಿತದ ನಿಯಮಾವಳಿಯನ್ನು ಅಮೆರಿಕದ ಐ.ಇ.ಇ.ಇ. ಎಂಬ ಎಂಜಿನಿಯರುಗಳ ಸಂಸ್ಥೆ 1997ರಲ್ಲಿ ಹೊರಡಿಸಿತು. ಅದರಲ್ಲಿದ್ದ ಮೊದಲ ಬೀಗದ ಹೆಸರು ವೆಪ್. ತಂತಿಗೆ ಸಮಾನವಾದ ಗೋಪ್ಯತೆ ಎಂಬುದು ಆ ಹೆಸರಿನ ಪೂರ್ಣಾರ್ಥ. ಅದರ ಗುಪ್ತ ಕೀಲಿಯ ಉದ್ದ 40 ಬಿಟ್ಟು. ಗೂಢಲಿಪಿಯ ಬಲವಾದ ಸಾಧನಗಳನ್ನು ದೇಶದಿಂದ ಹೊರಗೆ ಕಳುಹಿಸಲು ಆಗ ಅಮೆರಿಕದ ಸರಕಾರ ನಿರ್ಬಂಧ ಹಾಕಿದ್ದುದರಿಂದ ಕೀಲಿಯನ್ನು ಇಷ್ಟು ಚಿಕ್ಕದಾಗಿ ಇಡಬೇಕಾಯಿತು. ಅನಂತರ 104 ಬಿಟ್ಟಿನ ಕೀಲಿಯೂ ಬಂದಿತು. ಇಂಗ್ಲಿಷಿನ ಒಂದು ಅಕ್ಷರಕ್ಕೆ ಕಂಪ್ಯೂಟರಿನಲ್ಲಿ 8 ಬಿಟ್ಟಿನ ಜಾಗ ಬೇಕು. 40ನ್ನು 8ರಿಂದ ಭಾಗಿಸಿದರೆ 5. 104ನ್ನು 8ರಿಂದ ಭಾಗಿಸಿದರೆ 13. ಹದಿನಾರರ ಮಾನದ ಒಂದು ಅಂಕಿಗೆ 4 ಬಿಟ್ಟು ಸಾಕು. ಆದುದರಿಂದ 10 ಮತ್ತು 26. ವೆಪ್ ಬೀಗದಲ್ಲಿ ಬಳಕೆದಾರ ಬರೆದ ಅಕ್ಷರಗಳೇ ನೇರವಾಗಿ ಕೀಲಿಯಾಗುತ್ತವೆ. ಕೀಲಿಯ ಉದ್ದ ಗೊತ್ತಾದುದಾದ್ದರಿಂದ ಅಕ್ಷರ ಒಂದು ಹೆಚ್ಚೂ ಆಗಬಾರದು, ಒಂದು ಕಡಿಮೆಯೂ ಆಗಬಾರದು. ಗ್ರಂಥಪಾಲಕರ ಪ್ರಶ್ನೆಗೆ ಅರ್ಧ ಉತ್ತರ ಇಲ್ಲಿಯೇ ದೊರೆಯಿತು.

ಈ ಬೀಗ ಬಹು ಬೇಗ ಕೆಟ್ಟುಹೋಯಿತು. ಅದರ ಕಾರಣವನ್ನು ಒಂದು ಚಿಕ್ಕ ಲೆಕ್ಕದಿಂದ ತಿಳಿಯಬಹುದು. ನಾನು ಕಳುಹಿಸುವ ಅಂಕಿ 3 ಎಂದಿರಲಿ. ಗುಟ್ಟಿನ ಅಂಕಿ 7ನ್ನು ಕೂಡಿಸಿ 10 ಎಂದು ಕಳುಹಿಸುತ್ತೇನೆ. ಕದ್ದು ಕೇಳುವವನಿಗೆ 10 ಎಂಬುದರಿಂದ ಏನೂ ತಿಳಿಯುವುದಿಲ್ಲ. ಆದರೆ ಮುಂದಿನ ಸಲ 5ನ್ನು ಕಳುಹಿಸುವಾಗಲೂ ಅದೇ 7ನ್ನು ಕೂಡಿಸಿ 12 ಎಂದು ಕಳುಹಿಸಿದೆನೆನ್ನಿ. ಆಗ ಅವನು 12ರಲ್ಲಿ 10ನ್ನು ಕಳೆದರೆ 2 ಉಳಿಯುತ್ತದೆ. ನನ್ನ ನಿಜವಾದ ಅಂಕಿಗಳ ಅಂತರವೂ 2. ಗುಟ್ಟಿನ 7 ತಾನಾಗಿಯೇ ಮಾಯವಾಯಿತು! ಆದುದರಿಂದ ಒಮ್ಮೆ ಬಳಸಿದ ಗುಟ್ಟನ್ನು ಮತ್ತೆ ಬಳಸಬಾರದು. ವೆಪ್ ಇದಕ್ಕಾಗಿ ಪ್ರತಿಯೊಂದು ಪೊಟ್ಟಣದ ಜೊತೆಗೂ 24 ಬಿಟ್ಟಿನ ಒಂದು ಬದಲಾಗುವ ಸಂಖ್ಯೆಯನ್ನು ಸೇರಿಸುತ್ತಿತ್ತು. 24 ಬಿಟ್ಟಿನಲ್ಲಿ ಆಗುವ ಸಂಖ್ಯೆಗಳು ಒಟ್ಟು 1,67,77,216. ಇದು ದೊಡ್ಡದೆಂದು ತೋರುತ್ತದೆ. ಆದರೆ ಸೆಕೆಂಡಿಗೆ 1000 ಪೊಟ್ಟಣ ಹೋಗುವ ಜಾಲದಲ್ಲಿ ಇವೆಲ್ಲ ಮುಗಿಯಲು ಸುಮಾರು 4 ಗಂಟೆ 40 ನಿಮಿಷ ಸಾಕು. ಆಮೇಲೆ ಹಳೆಯ ಸಂಖ್ಯೆಗಳೇ ಮರಳಿ ಬರಬೇಕು.

ಇಷ್ಟೇ ಅಲ್ಲ. ವೆಪ್ ಬಳಸುತ್ತಿದ್ದ ಆರ್.ಸಿ.-4 ಎಂಬ ಗೂಢಲಿಪಿಯ ಕ್ರಮದಲ್ಲಿಯೇ ಒಂದು ದೌರ್ಬಲ್ಯವಿದೆಯೆಂದು ಫ್ಲೂರರ್, ಮ್ಯಾಂಟಿನ್, ಶಮೀರ್ ಎಂಬ ಮೂವರು ವಿದ್ವಾಂಸರು 2001ರಲ್ಲಿ ತೋರಿಸಿಕೊಟ್ಟರು. 2007ರಲ್ಲಿ ಜರ್ಮನಿಯ ಡಾರ್ಮ್‌ಸ್ಟಾಟ್ ನಗರದ ಸಂಶೋಧಕರು 104 ಬಿಟ್ಟಿನ ಕೀಲಿಯನ್ನೇ ಒಂದು ನಿಮಿಷದೊಳಗೆ ಹೊರತೆಗೆಯಬಹುದೆಂದು ಸಾಧಿಸಿದರು. ನನ್ನ ಲ್ಯಾಪ್‌ಟಾಪ್ ಹುಟ್ಟಿದ ವರ್ಷವೇ ಅದು ಬಲ್ಲ ಬೀಗದ ಮರಣಪತ್ರವೂ ಬರೆದಾಗಿತ್ತು.

ವೆಪ್‌ಗೆ ಬದಲಾಗಿ 2003ರಲ್ಲಿ ಡಬ್ಲ್ಯು.ಪಿ.ಎ. ಎಂಬ ತಾತ್ಕಾಲಿಕ ಏರ್ಪಾಡು ಬಂದಿತು. 2004ರಲ್ಲಿ ಡಬ್ಲ್ಯು.ಪಿ.ಎ.-2 ಬಂದಿತು. ಇದರ ಗೂಢಲಿಪಿ ಎ.ಇ.ಎಸ್. ಎಂಬ ಬಲವಾದ ಕ್ರಮ. 2006ರ ಮಾರ್ಚಿನಿಂದೀಚೆಗೆ ವೈ-ಫೈ ಮುದ್ರೆ ಪಡೆಯುವ ಹೊಸ ಸಾಧನಗಳಿಗೆಲ್ಲ ಇದು ಕಡ್ಡಾಯವಾಯಿತು. ಇಲ್ಲಿ ಪಾಸ್‌ವರ್ಡು 8 ಅಕ್ಷರದಿಂದ 63 ಅಕ್ಷರದವರೆಗೆ ಎಷ್ಟಾದರೂ ಇರಬಹುದು. ಏಕೆಂದರೆ ಪಾಸ್‌ವರ್ಡೇ ಕೀಲಿಯಲ್ಲ. ಅದನ್ನು ಜಾಲದ ಹೆಸರಿನೊಡನೆ ಬೆರೆಸಿ, 4096 ಸಲ ಅರೆದು, 256 ಬಿಟ್ಟಿನ ಕೀಲಿಯೊಂದನ್ನು ತಯಾರಿಸುತ್ತಾರೆ. ಅಕ್ಕಿ ಸೇರಾಗಲಿ ಪಾವಾಗಲಿ, ಕೊನೆಗೆ ಇಳಿಯುವ ಹಿಟ್ಟಿನ ಅಳತೆ ಒಂದೇ ಎಂಬಂಥ ವಿಚಿತ್ರವಾದ ಬೀಸುವ ಕಲ್ಲು ಇದು. ಪಾಸ್‌ವರ್ಡು ಗಾಳಿಯಲ್ಲಿ ಹೋಗುವುದೇ ಇಲ್ಲ. ಲ್ಯಾಪ್‌ಟಾಪೂ ರೂಟರೂ ಒಂದೊಂದು ಹೊಸ ಸಂಖ್ಯೆಯನ್ನು ಪರಸ್ಪರ ಕಳುಹಿಸಿ, ನಾಲ್ಕು ಸಂದೇಶಗಳಲ್ಲಿ ತಮಗಿಬ್ಬರಿಗೂ ಒಂದೇ ಗುಟ್ಟು ಗೊತ್ತಿದೆಯೆಂದು ಖಚಿತಪಡಿಸಿಕೊಂಡು, ಆ ಹೊತ್ತಿನ ಕೀಲಿಯನ್ನು ಹೊಸದಾಗಿ ಮಾಡಿಕೊಳ್ಳುತ್ತವೆ.

ಈಗ ನನ್ನ ಯಂತ್ರದ ವರ್ತನೆ ಅರ್ಥವಾಯಿತು. ಎಕ್ಸ್‌ಪಿಯ ಎರಡನೆಯ ಸರ್ವಿಸ್ ಪ್ಯಾಕು ಹೊರಬಂದುದು 2004ರಲ್ಲಿ. ಅದಕ್ಕೆ ವೆಪ್ ಗೊತ್ತು, ಡಬ್ಲ್ಯು.ಪಿ.ಎ. ಗೊತ್ತು; ಡಬ್ಲ್ಯು.ಪಿ.ಎ.-2 ಗೊತ್ತಿಲ್ಲ. ನಮ್ಮ ಗ್ರಂಥಾಲಯದಲ್ಲಿದ್ದುದು ಡಬ್ಲ್ಯು.ಪಿ.ಎ.-2 ಮಾತ್ರ. ಬೀಗ ಇದೆಯೆಂಬುದು ಯಂತ್ರಕ್ಕೆ ಕಂಡಿತು. ಯಾವ ಬೀಗವೆಂಬುದು ತಿಳಿಯಲಿಲ್ಲ. ತನಗೆ ಗೊತ್ತಿದ್ದ ಹಳೆಯ ಬೀಗವೇ ಇರಬೇಕೆಂದು ಊಹಿಸಿ 5 ಅಥವಾ 13 ಕೇಳಿತು. ಕುಣಿಯಲಾರದವಳು ನೆಲ ಡೊಂಕೆಂದ ಹಾಗೆ, ತನಗೆ ಬಾರದ ವಿದ್ಯೆಯನ್ನು ಪಾಸ್‌ವರ್ಡಿನ ತಪ್ಪೆಂದು ಹೇಳಿತು. ನಾನು ಅದರ ಮಾತನ್ನು ನಂಬಿ ಗ್ರಂಥಪಾಲಕರ ಮೇಲೆ ಆರೋಪ ಹೊರಿಸಿದೆ! ಅವರು ನನ್ನ ಮಾತು ಕೇಳಿ ಒಂದು ಅಕ್ಷರ ತೆಗೆದಿದ್ದರೂ ಕೆಲಸವಾಗುತ್ತಿರಲಿಲ್ಲ. ಯಂತ್ರ 13 ಅಕ್ಷರವನ್ನು ಒಪ್ಪುತ್ತಿತ್ತು; ಬೀಗ ಮಾತ್ರ ತೆರೆಯುತ್ತಿರಲಿಲ್ಲ.

ಈ ಉತ್ತರವನ್ನು ಮಾರನೆಯ ದಿನ ಅವರಿಗೆ ಒಪ್ಪಿಸಿದೆ. ಆದರೆ ನಿಜ ಹೇಳಬೇಕಾದರೆ ನನ್ನ ಹಟ ಇನ್ನೂ ಹೋಗಿರಲಿಲ್ಲ. ನಮ್ಮ ರೂಟರಿನ ಪುಟದಲ್ಲಿ ವೆಪ್ ಎಂಬ ಆಯ್ಕೆ ಇನ್ನೂ ಉಳಿದಿತ್ತು. ಒಂದು ವಾರದ ಮಟ್ಟಿಗೆ ಅದನ್ನು ಆರಿಸಿದರೆ ನನ್ನ ಪ್ರಬಂಧ ಮುಗಿಯುತ್ತದಲ್ಲ ಎಂದು ಕೇಳಿಯೇಬಿಟ್ಟೆ. ಅವರು, “ಈ ಜಾಲದಲ್ಲಿ ನೀನೊಬ್ಬನೇ ಇದ್ದರೆ ಆರಿಸಿಕೊಡುತ್ತಿದ್ದೆ” ಎಂದಷ್ಟೇ ಹೇಳಿದರು. ಆ ಮಾತು ನಾಟಿತು.

ಅದೇ ವಾರ ಪರೀಕ್ಷೆಯ ಶುಲ್ಕ ಕಟ್ಟುವ ಕಾಲ. ಎಷ್ಟೋ ಮಂದಿ ಗ್ರಂಥಾಲಯದಲ್ಲಿ ಕುಳಿತೇ ಮೊಬೈಲಿನಿಂದ ಹಣ ಕಟ್ಟುತ್ತಿದ್ದರು. ಬ್ಯಾಂಕಿನ ಪುಟಗಳಿಗೆ ತಮ್ಮದೇ ಆದ ಗೂಢಲಿಪಿಯ ರಕ್ಷಣೆ ಬೇರೆಯಾಗಿ ಇದೆ, ನಿಜ. ಆದರೆ ಜಾಲದ ಬಾಗಿಲು ಮುರಿದರೆ ಹೊರಗಿನವನು ಒಳಗೆ ಬಂದು ನಮ್ಮ ಹೆಸರಿನಲ್ಲಿ ಏನನ್ನಾದರೂ ಮಾಡಬಹುದು. ಇದು ಬರಿಯ ಕಲ್ಪನೆಯಲ್ಲ. 2008ರ ಜುಲೈ 26ರಂದು ಅಹಮದಾಬಾದಿನಲ್ಲಿ ಬಾಂಬುಗಳು ಸಿಡಿದುವು. ಅದಕ್ಕೆ ಕೆಲವೇ ನಿಮಿಷ ಮೊದಲು ಸುದ್ದಿಸಂಸ್ಥೆಗಳಿಗೆ ಬಂದ ಇ-ಮೇಲಿನ ಜಾಡನ್ನು ಪೊಲೀಸರು ಹಿಡಿದು ಹೋದಾಗ ಅದು ನವಿ ಮುಂಬಯಿಯ ಒಂದು ಮನೆಯನ್ನು ತೋರಿಸಿತು. ಆ ಮನೆಯಲ್ಲಿದ್ದ ವಿದೇಶೀಯ ವಿಚಾರಣೆಗೆ ಒಳಗಾಗಬೇಕಾಯಿತು. ಅವರ ಮನೆಯ ವೈ-ಫೈಗೆ ಬೀಗವಿರಲಿಲ್ಲ. ಯಾರೋ ಅದನ್ನು ಬಳಸಿಕೊಂಡಿದ್ದರು. ಒಂದು ನಿಮಿಷದಲ್ಲಿ ಮುರಿಯುವ ಬೀಗಕ್ಕೂ ಬೀಗವಿಲ್ಲದ ಬಾಗಿಲಿಗೂ ಏನು ಹೆಚ್ಚಿನ ವ್ಯತ್ಯಾಸ?

ಇನ್ನೊಂದು ನಷ್ಟವೂ ಇತ್ತು. ಹೊಸ ಬಗೆಯ ರೂಟರುಗಳು ವೆಪ್ಪಿಗೆ ಇಳಿದರೆ ತಮ್ಮ ಹೊಸ ವೇಗವನ್ನು ಕಳೆದುಕೊಂಡು ಸೆಕೆಂಡಿಗೆ 54 ಮೆಗಾಬಿಟ್ಟಿನ ಹಳೆಯ ಮಿತಿಗೆ ಬರುತ್ತವೆ. ನಿಯಮಾವಳಿಯೇ ಹಾಗಿದೆ. ಡಬ್ಲ್ಯು.ಪಿ.ಎ.ಯನ್ನೂ ಡಬ್ಲ್ಯು.ಪಿ.ಎ.-2ನ್ನೂ ಒಟ್ಟಿಗೆ ಇಡುವ ಮಿಶ್ರ ವಿಧಾನವೊಂದುಂಟು. ಆದರೆ ಮೊದಲನೆಯದರ ಟಿ.ಕೆ.ಐ.ಪಿ. ಎಂಬ ಕ್ರಮದಲ್ಲಿ 2008ರಲ್ಲಿಯೇ ಲೋಪ ಕಂಡುಬಂದು, 2012ರ ನಿಯಮಾವಳಿ ಅದನ್ನು ಬಿಡಬೇಕಾದುದೆಂದು ಸಾರಿತು. ನನ್ನೊಬ್ಬನ ಅನುಕೂಲಕ್ಕೆ ಎಲ್ಲರನ್ನೂ ಕೆಳಗಿಳಿಸುವುದು ಸಲ್ಲದು. ನನ್ನ ಯಂತ್ರವನ್ನೇ ಮೇಲಕ್ಕೆ ಏರಿಸಬೇಕು ಎಂಬುದು ಖಚಿತವಾಯಿತು.

ಏರಿಸುವುದು ಹೇಗೆ? ಯಂತ್ರದ ಒಳಗಿರುವ ವೈ-ಫೈ ಕಾರ್ಡಿಗೆ ಹೊಸ ಬೀಗವನ್ನು ತೆರೆಯುವ ಶಕ್ತಿ ಇದೆಯೇ ಎಂಬುದನ್ನು ಮೊದಲು ನೋಡಬೇಕು. ಡಿವೈಸ್ ಮ್ಯಾನೇಜರ್ ಎಂಬ ಪಟ್ಟಿಯನ್ನು ತೆರೆದಾಗ ನನ್ನದು ಇಂಟೆಲ್ ಕಂಪೆನಿಯ 3945 ಎ.ಬಿ.ಜಿ. ಎಂದು ತಿಳಿಯಿತು. ಅದಕ್ಕೆ ಎ.ಇ.ಎಸ್. ಬರುತ್ತದೆ. ಎಂದರೆ ಕಾರ್ಡಿನಲ್ಲಿ ಕೊರತೆಯಿಲ್ಲ. ಕೊರತೆ ಇದ್ದುದು ಅದನ್ನು ನಡೆಸುವ ವ್ಯವಸ್ಥೆಯಲ್ಲಿ. ಎಕ್ಸ್‌ಪಿಗೆ ಡಬ್ಲ್ಯು.ಪಿ.ಎ.-2ನ್ನು ಕಲಿಸುವ ತಿದ್ದುಪಡಿ 2005ರಲ್ಲಿ ಬಿಡಿಯಾಗಿ ಬಂದಿತ್ತು. 2008ರ ಮೂರನೆಯ ಸರ್ವಿಸ್ ಪ್ಯಾಕಿನಲ್ಲಿ ಅದು ಸೇರಿಕೊಂಡಿತು. ಸೋದರಮಾವನ ಬಳಿ ಆ ಪ್ಯಾಕಿನ ಸಿ.ಡಿ. ಉಳಿದಿತ್ತು. ಅದನ್ನು ಹಾಕಿದೆ. ಅದೇ 14 ಅಕ್ಷರವನ್ನು ಬರೆದೆ. ಯಂತ್ರ ತುಟಿ ಪಿಟಕ್ಕೆನ್ನದೆ ಜಾಲಕ್ಕೆ ಸೇರಿಕೊಂಡಿತು.

ಆದರೆ ಸಂತೋಷ ಹೆಚ್ಚು ಹೊತ್ತು ಉಳಿಯಲಿಲ್ಲ. ಜಾಲಕ್ಕೆ ಸೇರಿತೆಂದು ಯಂತ್ರ ಹೇಳುತ್ತದೆ. ಪುಟಗಳು ಮಾತ್ರ ತೆರೆಯುವುದಿಲ್ಲ. ಪ್ರಮಾಣಪತ್ರ ಸರಿಯಿಲ್ಲವೆಂಬ ಎಚ್ಚರಿಕೆ ಬರುತ್ತಿತ್ತು. ಮೂಲೆಯ ಗಡಿಯಾರವನ್ನು ನೋಡಿದೆ: ಜನವರಿ 1, 2007! ಯಂತ್ರ ನಿಂತಿರುವಾಗಲೂ ಗಡಿಯಾರ ನಡೆಸುವ ಚಿಕ್ಕ ಬಿಲ್ಲೆಯಂಥ ಸೆಲ್ಲು ಒಳಗೆ ಸತ್ತುಹೋಗಿತ್ತು. ಪ್ರತಿಯೊಂದು ಭದ್ರ ಪುಟಕ್ಕೂ ಇಂಥ ದಿನದಿಂದ ಇಂಥ ದಿನದವರೆಗೆ ಎಂಬ ಪ್ರಮಾಣಪತ್ರವಿರುತ್ತದೆ. 2007ರಲ್ಲಿ ಬದುಕುತ್ತಿರುವ ಯಂತ್ರಕ್ಕೆ ಇಂದಿನ ಪ್ರಮಾಣಪತ್ರಗಳೆಲ್ಲ ಇನ್ನೂ ಹುಟ್ಟಿಲ್ಲದವು. ಸೆಲ್ಲು ಬದಲಾಯಿಸಿ ತಾರೀಖನ್ನು ಸರಿಪಡಿಸಿದೆ. ಆಗಲೂ ಅನೇಕ ಪುಟಗಳು ತೆರೆಯಲಿಲ್ಲ. ಪುಟಕ್ಕೂ ಯಂತ್ರಕ್ಕೂ ನಡುವೆ ಬೇಕಾದ ಟಿ.ಎಲ್.ಎಸ್. ಎಂಬ ಗೂಢಲಿಪಿಯ ಒಪ್ಪಂದದ ಹಳೆಯ ರೂಪಗಳಾದ 1.0 ಮತ್ತು 1.1ನ್ನು 2021ರಲ್ಲಿ ಅಧಿಕೃತವಾಗಿ ಕೈಬಿಡಲಾಗಿದೆ. ನನ್ನ ಎಕ್ಸ್‌ಪಿಯ ಬ್ರೌಸರಿಗೆ ಅದಕ್ಕಿಂತ ಹೊಸದು ಬಾರದು.

ಇದರಿಂದ ನಾನು ಕಲಿತುದು ಇದು: ಜಾಲಕ್ಕೆ ಸೇರುವುದು ಬೇರೆ, ಜಾಲದಲ್ಲಿ ಸುರಕ್ಷಿತವಾಗಿ ಇರುವುದು ಬೇರೆ. ಎಕ್ಸ್‌ಪಿಗೆ ಅದರ ತಯಾರಕರ ಬೆಂಬಲ 2014ರ ಏಪ್ರಿಲ್ 8ರಂದೇ ನಿಂತುಹೋಗಿದೆ. ಡಬ್ಲ್ಯು.ಪಿ.ಎ.-2ರಲ್ಲಿಯೂ ಒಂದು ಲೋಪವನ್ನು ಬೆಲ್ಜಿಯಮ್ಮಿನ ಮ್ಯಾಥಿ ವಾನ್‌ಹೋಫ್ ಎಂಬ ಸಂಶೋಧಕರು 2017ರಲ್ಲಿ ಪ್ರಕಟಿಸಿದಾಗ, ಬೆಂಬಲವಿದ್ದ ವ್ಯವಸ್ಥೆಗಳಿಗೆ ತಿದ್ದುಪಡಿ ಬಂದಿತು. ಬೆಂಬಲ ನಿಂತುಹೋದವು ಹಾಗೆಯೇ ಉಳಿದುವು. ಆದುದರಿಂದ ನಾನು ಎಕ್ಸ್‌ಪಿಯನ್ನೇ ಬಿಟ್ಟು, ಮುಖ್ಯ ಕಡತಗಳನ್ನು ಪೆನ್ ಡ್ರೈವಿಗೆ ನಕಲು ಮಾಡಿಕೊಂಡು, ಡೆಬಿಯನ್ 12 ಎಂಬ ಉಚಿತ ಲಿನಕ್ಸ್ ವ್ಯವಸ್ಥೆಯನ್ನು ಹಾಕಿದೆ. ಎಕ್ಸ್‌ಎಫ್‌ಸಿಇ ಎಂಬ ಹಗುರವಾದ ಮೇಲ್ಮೈಯನ್ನು ಆರಿಸಿಕೊಂಡುದರಿಂದ 2 ಗಿಗಾಬೈಟು ಮೆಮೊರಿಯಲ್ಲಿಯೂ ಕೆಲಸ ನಡೆಯುತ್ತದೆ. ನಿಧಾನ ಹೌದು, ಆದರೆ ನಾನು ಬರೆಯುವ ವೇಗಕ್ಕಿಂತ ನಿಧಾನವಲ್ಲ.

ಹಳೆಯ ಲ್ಯಾಪ್‌ಟಾಪ್ ಇರುವ ಗೆಳೆಯರ ಉಪಯೋಗಕ್ಕಾಗಿ ಒಟ್ಟು ಕ್ರಮವನ್ನು ಸಂಗ್ರಹಿಸಿ ಹೇಳುತ್ತೇನೆ.

ಒಂದನೆಯದು: ಜಾಲದ ಹೆಸರೇ ಪಟ್ಟಿಯಲ್ಲಿ ಕಾಣದಿದ್ದರೆ ಪಾಸ್‌ವರ್ಡಿನ ಚಿಂತೆ ಬೇಡ. ರೂಟರು 5 ಗಿಗಾಹರ್ಟ್ಸ್ ಅಲೆಗಳಲ್ಲಿ ಮಾತ್ರ ಮಾತನಾಡುತ್ತಿರಬಹುದು. ಅನೇಕ ಹಳೆಯ ಕಾರ್ಡುಗಳಿಗೆ 2.4 ಗಿಗಾಹರ್ಟ್ಸ್ ಮಾತ್ರ ಕೇಳಿಸುತ್ತದೆ. ಅಮೆರಿಕದ ಮಾರುಕಟ್ಟೆಗೆಂದು ಮಾಡಿದ ಕಾರ್ಡಾದರೆ 12 ಮತ್ತು 13ನೆಯ ಚಾನೆಲ್ಲುಗಳು ಕೇಳಿಸದೆ ಹೋಗಬಹುದು. ರೂಟರಿನಲ್ಲಿ 2.4 ಗಿಗಾಹರ್ಟ್ಸನ್ನೂ ತೆರೆದು, 1, 6 ಅಥವಾ 11ನೆಯ ಚಾನೆಲ್ಲನ್ನು ಆರಿಸುವುದರಿಂದ ಯಾರ ಭದ್ರತೆಗೂ ಕುಂದಿಲ್ಲ.

ಎರಡನೆಯದು: ಹೆಸರು ಕಂಡು ಪಾಸ್‌ವರ್ಡ್ ಒಪ್ಪದಿದ್ದರೆ, ಅದನ್ನು ಇನ್ನೊಂದು ಸಾಧನದಲ್ಲಿ ಪರೀಕ್ಷಿಸಿ. ಅಲ್ಲಿ ಸರಿಯಾಗಿದ್ದರೆ ತಪ್ಪು ಪಾಸ್‌ವರ್ಡಿನದಲ್ಲ, ಬೀಗದ ಬಗೆಯದು.

ಮೂರನೆಯದು: ಕಾರ್ಡಿನ ಹೆಸರನ್ನು ತಿಳಿದು, ಅದಕ್ಕೆ ಎ.ಇ.ಎಸ್. ಬರುತ್ತದೆಯೇ ನೋಡಿ. ಬರುವುದಾದರೆ ಡ್ರೈವರನ್ನೂ ವ್ಯವಸ್ಥೆಯನ್ನೂ ಹೊಸದು ಮಾಡಿ. ಬಾರದಿದ್ದರೆ ಯು.ಎಸ್.ಬಿ. ಕಿಂಡಿಗೆ ಸಿಕ್ಕಿಸುವ ಚಿಕ್ಕ ವೈ-ಫೈ ಅಡಾಪ್ಟರನ್ನು ಕೊಳ್ಳಬೇಕು. ಅಥವಾ ರೂಟರಿನಿಂದ ಕೇಬಲ್ ಎಳೆಯಬೇಕು. ಕೇಬಲ್ಲಿಗೆ ಈ ಬೀಗದ ಜಗಳವೇ ಇಲ್ಲ.

ನಾಲ್ಕನೆಯದು: 2018ರಲ್ಲಿ ಪ್ರಕಟವಾದ ಡಬ್ಲ್ಯು.ಪಿ.ಎ.-3 ಮಾತ್ರ ಇರುವ ಜಾಲಕ್ಕೆ ವಿಂಡೋಸ್ 7ರ ಯಂತ್ರಗಳೂ ಸೇರಲಾರವು. ಅಂಥ ರೂಟರಿನಲ್ಲಿ ಸಾಮಾನ್ಯವಾಗಿ ಎರಡನ್ನೂ ಒಟ್ಟಿಗೆ ಒಪ್ಪುವ ಏರ್ಪಾಡು ಇರುತ್ತದೆ. ಡಬ್ಲ್ಯು.ಪಿ.ಎ.-2ಕ್ಕಿಂತ ಕೆಳಗೆ ಮಾತ್ರ ಯಾರ ಸಲುವಾಗಿಯೂ ಇಳಿಯಬೇಡಿ.

ಐದನೆಯದು: ಸೇರಿದ ಮೇಲೆ ಗಡಿಯಾರವನ್ನು ನೋಡಿ.

ಸೆಮಿನಾರಿನ ಪ್ರಬಂಧವನ್ನು ಒಪ್ಪಿಸಬೇಕಾದ ದಿನವೇ ಒಪ್ಪಿಸಿದೆ. ಆ ಸಂಜೆ ಗ್ರಂಥಪಾಲಕರ ಬಳಿಗೆ ಹೋಗಿ, ಅವರ ಪಾಸ್‌ವರ್ಡು ತಪ್ಪೆಂದು ಎಲ್ಲರೆದುರು ಹೇಳಿದುದಕ್ಕೆ ಕ್ಷಮೆ ಕೇಳಿದೆ. ಅವರು ನಕ್ಕು, “ನಿನ್ನ ಹಾಗೆ ಇನ್ನೂ ನಾಲ್ಕು ಮಂದಿ ಹಳೆಯ ಲ್ಯಾಪ್‌ಟಾಪ್ ತಂದು ಕಪಾಟಿನ ಹಿಂದೆ ಕುಳಿತಿದ್ದಾರೆ, ಹೋಗಿ ನೋಡು” ಎಂದರು. ಹೋಗಿ ನೋಡಿದೆ. ಮೂರು ಯಂತ್ರಗಳು ಸರಿಹೋದುವು. ನಾಲ್ಕನೆಯದಕ್ಕೆ ಕೇಬಲ್ ಎಳೆದೆವು. ಪಾಸ್‌ವರ್ಡಿನ 14 ಅಕ್ಷರ ಇಂದಿಗೂ 14 ಆಗಿಯೇ ಇದೆ.